ಮಗ್ಗದ ಶೆಡ್ಡಿನಲ್ಲಿ ಕಿವಿ ಉಳಿಸಿಕೊಳ್ಳುವುದು ಹೇಗೆ?

ದೊಡ್ಡಬಳ್ಳಾಪುರವಿರಲಿ, ರಬಕವಿ-ಬನಹಟ್ಟಿಯಿರಲಿ, ಪವರ್‌ಲೂಮ್ ಶೆಡ್ಡಿನೊಳಗೆ ಕಾಲಿಟ್ಟರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಈಗೀಗ ಕೆಲವರು ಇಯರ್ ಪ್ಲಗ್ ಹಾಕಿಕೊಳ್ಳುತ್ತಿದ್ದಾರೆ. ಆದರೆ ನಾನು ನೋಡಿದ ಹೆಚ್ಚಿನ ಕಿವಿಗಳಲ್ಲಿ ಪ್ಲಗ್ ಅರ್ಧ ಹೊರಗೇ ಇಣುಕುತ್ತಿರುತ್ತದೆ. ಹಾಗೆ ಹಾಕಿದರೆ ಸದ್ದು ಸಂದಿಯಿಂದ ಸಲೀಸಾಗಿ ಒಳಗೆ ಹೋಗುತ್ತದೆ.

ಮೊದಲು ಸದ್ದು ಎಷ್ಟಿದೆ ನೋಡಿ. ಕೈಯಳತೆಯಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾಗಿದ್ದರೆ 85 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ) ದಾಟಿದೆ ಎಂದೇ ಲೆಕ್ಕ. ಮೊಬೈಲಿನ ಸೌಂಡ್ ಮೀಟರ್ ಆ್ಯಪ್ ಅಂದಾಜಿಗೆ ಸಾಕು. 85ರಲ್ಲಿ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 97ಕ್ಕೆ ಅರ್ಧ ಗಂಟೆ. 100 ಮುಟ್ಟಿದರೆ ಬರೀ ಕಾಲು ಗಂಟೆ. "ನಮಗೆ ಅಭ್ಯಾಸ ಆಗಿಬಿಟ್ಟಿದೆ" ಎನ್ನುವವರಿಗೆ ಹೇಳುತ್ತೇನೆ: ಕಿವಿಗೆ ಅಭ್ಯಾಸ ಆಗುವುದಿಲ್ಲ, ಕೇಳುವ ಶಕ್ತಿ ಹೋಗಿರುತ್ತದೆ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಎರಡನೆಯದು ಖರೀದಿ. ಮೆತ್ತನೆಯ ಫೋಮ್ ಪ್ಲಗ್ ತೆಗೆದುಕೊಳ್ಳಿ. ಹಿಸುಕಿ ಬಿಟ್ಟಾಗ ಅದು ನಿಧಾನವಾಗಿ ಉಬ್ಬಬೇಕು. ಬಿಟ್ಟ ಕೂಡಲೇ ಪಟ್ಟನೆ ಮೊದಲಿನಂತಾಗುವ ಫೋಮ್ ಬೇಡವೇ ಬೇಡ, ಅದು ಕಿವಿಯೊಳಗೆ ಹೋಗುವ ಮುಂಚೆಯೇ ಉಬ್ಬಿಬಿಡುತ್ತದೆ. ಪೊಟ್ಟಣದ ಮೇಲೆ ಎನ್‌ಆರ್‌ಆರ್ 30 ಎಂದು, ಅಂದರೆ 30 ಡೆಸಿಬಲ್ ಸದ್ದು ತಡೆಯುತ್ತದೆ ಎಂದು, ಬರೆದಿದ್ದರೆ ಅದು ಲ್ಯಾಬಿನ ಲೆಕ್ಕ. ದಿನದ ಬಳಕೆಯಲ್ಲಿ ಅದರ ಅರ್ಧ ಎಂದಿಟ್ಟುಕೊಳ್ಳಿ. ಇನ್ನು ಹತ್ತಿ, ಬಟ್ಟೆ ಚೂರು ತುರುಕುವುದು ಸುಮ್ನೆ ಸಮಾಧಾನಕ್ಕೆ. ಅದಕ್ಕಿಂತ ಕೆಟ್ಟದ್ದು ಇಯರ್‌ಫೋನ್ ಹಾಕಿ ಮಗ್ಗದ ಸದ್ದಿನ ಮೇಲೆ ಹಾಡು ಕೇಳುವುದು. ಒಂದು ಸದ್ದಿನ ಮೇಲೆ ಇನ್ನೊಂದು ಸದ್ದು ಸೇರಿಸಿದಂತಾಯಿತು, ಅಲ್ವಾ?

ಈಗ ಎಲ್ಲರೂ ಎಡವುವ ಜಾಗ, ಅಂದರೆ ಹಾಕುವುದು. ಇಲ್ಲಿ ಆತುರ ಬೇಡ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಎಣ್ಣೆ, ಗ್ರೀಸ್, ನೂಲಿನ ಧೂಳು ಪ್ಲಗ್‌ಗೆ ಅಂಟಬಾರದು. ಎಂಜಲು ಹಚ್ಚಿ ಒದ್ದೆ ಮಾಡುವುದಂತೂ ಕೂಡದು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟು, ದೀಪಕ್ಕೆ ಬತ್ತಿ ಹೊಸೆಯುವ ಹಾಗೆ ಹೊಸೆಯಿರಿ. ಮೊದಲು ಮೆಲ್ಲಗೆ, ಆಮೇಲೆ ಒತ್ತಿ. ಎಷ್ಟು ಸಣ್ಣಗಾಗುತ್ತದೋ ಅಷ್ಟು ಸಣ್ಣಗೆ ಮಾಡಿ. ನಡುವೆ ಮಡಿಕೆ ಬಿದ್ದರೆ ಬಿಟ್ಟು, ಅದು ಉಬ್ಬಿದ ಮೇಲೆ ಮತ್ತೆ ಶುರು ಮಾಡಿ. ಮಡಿಕೆ ಇದ್ದ ಕಡೆ ಸದ್ದಿಗೆ ದಾರಿ ಸಿಗುತ್ತದೆ.

ಬಲಕಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು ಬಲಕಿವಿಯ ಮೇಲ್ತುದಿ ಹಿಡಿಯಿರಿ. ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಿವಿಯ ಕೊಳವೆ ನೇರವಾಗಿಲ್ಲ, ಬಾಗಿದೆ. ಎಳೆದಾಗ ನೆಟ್ಟಗಾಗುತ್ತದೆ, ಪ್ಲಗ್ ತಾನಾಗಿ ಒಳಗೆ ಜಾರುತ್ತದೆ. ಹಾಕಿದ ಕೂಡಲೇ ಬೆರಳು ತೆಗೆಯಬೇಡಿ. ಬೆರಳ ತುದಿಯಿಂದ ಹಾಗೇ ಹಿಡಿದು ನಿಧಾನವಾಗಿ 30ರವರೆಗೆ ಎಣಿಸಿ. ಬೇಗ ಬಿಟ್ಟರೆ ಫೋಮ್ ಉಬ್ಬುತ್ತಾ ತನ್ನನ್ನು ತಾನೇ ಹೊರಗೆ ತಳ್ಳುತ್ತದೆ. ಎಡಕಿವಿಗೂ ಇದೇ ರೀತಿ, ಬಲಗೈಯಿಂದ ಎಳೆದು.

ಸರಿಯಾಗಿ ಕೂತಿದೆಯೇ? ಎರಡೂ ಅಂಗೈಗಳಿಂದ ಕಿವಿ ಪೂರ್ತಿ ಮುಚ್ಚಿ ನೋಡಿ. ಸದ್ದು ಇನ್ನೂ ತುಂಬಾ ಕಡಿಮೆಯಾದರೆ ಪ್ಲಗ್ ಸರಿಯಾಗಿಲ್ಲ, ತೆಗೆದು ಮತ್ತೆ ಹಾಕಿ. ಜೊತೆಯವರು ಎದುರು ನಿಂತು ನೋಡಿದಾಗ ಪ್ಲಗ್‌ನ ತುದಿ ಹೊರಚಾಚಿ ಕಾಣಬಾರದು. ನಿಮ್ಮ ಮಾತು ನಿಮಗೇ ದಪ್ಪಗೆ ಗುಂಯ್ ಎಂದು, ಎರಡೂ ಕಡೆ ಒಂದೇ ತರಹ ಕೇಳಬೇಕು.

ಪದೇ ಪದೇ ಪ್ಲಗ್ ತೆಗೆಯಬೇಕಾದವರಿಗೆ, ಕೈ ಸದಾ ಕೊಳೆಯಾಗುವವರಿಗೆ ದಾರ ಕಟ್ಟಿದ ಸಿಲಿಕೋನ್ ಪ್ಲಗ್ಗೇ ಒಳ್ಳೆಯದು. ತೊಳೆದು ಬಳಸಬಹುದು. ಮಾತಾಡಲೆಂದು ಶೆಡ್ಡಿನ ಒಳಗೇ ತೆಗೆಯಬೇಡಿ, ಹೊರಗೆ ಬನ್ನಿ. 8 ಗಂಟೆಯಲ್ಲಿ ಅರ್ಧ ಗಂಟೆ ಬರಿಗಿವಿಯಲ್ಲಿ ಕಳೆದರೂ, 30 ಡೆಸಿಬಲ್ ತಡೆಯುವ ಪ್ಲಗ್ ಇಡೀ ದಿನದ ಲೆಕ್ಕದಲ್ಲಿ ಸುಮಾರು 12 ಮಾತ್ರ ತಡೆದಂತೆ.

ತೆಗೆಯುವಾಗ ಮೆಲ್ಲಗೆ ತಿರುಗಿಸಿ ತೆಗೆಯಿರಿ. ಕೊಳೆಯಾದ ಫೋಮ್ ಎಸೆಯಿರಿ. ಕಿವಿ ಸೋರುತ್ತಿದ್ದರೆ ಪ್ಲಗ್ ಬೇಡ, ಹೊರಗಿನಿಂದ ಮುಚ್ಚುವ ಇಯರ್ ಮಫ್ ಹಾಕಿ ವೈದ್ಯರ ಹತ್ತಿರ ಹೋಗಿ.

ಕೆಲಸ ಮುಗಿದ ಮೇಲೆ ಕಿವಿಯಲ್ಲಿ ಜೊಂಯ್ ಅಂದರೆ ಅಥವಾ ಮನೆಯವರ ಮಾತು ಮಂಕಾಗಿ ಕೇಳಿದರೆ ಆಡಿಯೋಗ್ರಾಮ್, ಅಂದರೆ ಕೇಳುವ ಶಕ್ತಿಯ ಪರೀಕ್ಷೆ, ಮಾಡಿಸಿ. ಸದ್ದಿನ ಪೆಟ್ಟು ಮೊದಲು ಕಾಣುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದುಗಳಲ್ಲಿ. ಆಗ ಸ, ಶ, ತ ತರಹದ ಅಕ್ಷರಗಳು ಕಲಸಿಹೋಗುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಶಿಫ್ಟ್ ಮುಗಿಸಿ ನೇರ ಹೋಗಬೇಡಿ. ವಾರದ ರಜೆಯ ಮರುದಿನ ಬೆಳಿಗ್ಗೆ, ಮಗ್ಗಕ್ಕೆ ಹೋಗುವ ಮುಂಚೆ ಹೋಗಿ.