ಮೆತ್ತೆಯ ಮರೆಯಲ್ಲಿರುವ ಜೋಡಣೆ

ಮೆತ್ತೆ ಹಾಕಿದ ಪೀಠದಲ್ಲಿ ಮರಗೆಲಸದ ಬಹುಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೂ ಹೊಸದಾಗಿ ಉಳಿ ಹಿಡಿದವರು ಗೂಡು ಕೊರೆದು ನಾಲಗೆ ಕೂರಿಸುವ ಜೋಡಣೆಯನ್ನೇ ಮೊದಲು ಕಲಿಯಲು ಹೊರಡುತ್ತಾರೆ. ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಗೆ ಸ್ಟೂಲ್ ಮಾಡುವಾಗ ನಾನು ಆ ಗೊಡವೆಗೇ ಹೋಗಲಿಲ್ಲ.

ಕಾಲುಗಳಿಗೆ 2 ಇಂಚು ಚೌಕದ ಹಲಸಿನ ಮರ. ಪಟ್ಟಿಗಳಿಗೆ ಸಿಲ್ವರ್ ಓಕ್. ನಮ್ಮ ಕಾಫಿ ತೋಟಗಳಲ್ಲಿ ಧಾರಾಳವಾಗಿ ಸಿಗುವ ಈ ಮರ ಮೆದು, ಹಾಗಾಗಿ ಸ್ಟೇಪ್ಲರ್ ಪಿನ್ನು ಸಲೀಸಾಗಿ ಇಳಿಯುತ್ತದೆ. ಅಕೇಶಿಯಾದ ಮೇಲೆ ಅದೇ ಪಿನ್ನು ಮಡಚಿಕೊಳ್ಳುತ್ತದೆ.

3 ಇಂಚು ಅಗಲದ ನಾಲ್ಕು ಪಟ್ಟಿಗಳನ್ನು ಕಾಲುಗಳ ಹೊರಮೈಗೆ ಒತ್ತಿಟ್ಟು, ಫೆವಿಕಾಲ್ ಹಚ್ಚಿ, ಹೊರಗಿನಿಂದ ಸ್ಕ್ರೂ ಬಿಗಿದೆ. ಸ್ಕ್ರೂ ಕಾಲಿನ ಪಕ್ಕೆಗೆ, ಅಂದರೆ ಎಳೆಗೆ ಅಡ್ಡಲಾಗಿ ಹೋಗಬೇಕು. ಪಟ್ಟಿಯ ಕೊಯ್ದ ತುದಿಗೆ ಹೊಡೆದದ್ದು ಎಳೆಗಳ ನಡುವೆ ಸರಿದು ಸಡಿಲವಾಗುತ್ತದೆ. ಒಂದು ಮಗ್ಗುಲಿನ ಸ್ಕ್ರೂ ಇನ್ನೊಂದಕ್ಕೆ ತಾಗದಂತೆ ಮೇಲೆ-ಕೆಳಗೆ ಗುರುತು ಹಾಕಿಕೊಂಡು, ಮೊದಲು ಸಣ್ಣ ತೂತು ಕೊರೆದಿದ್ದೆ. ಸ್ಕ್ರೂ ತಲೆ ಕಾಣುವುದೆಂಬ ಚಿಂತೆಯಿಲ್ಲ, ಬಟ್ಟೆಯನ್ನು ಪಟ್ಟಿಯ ಕೆಳಗಿನವರೆಗೆ ಎಳೆದು ಅಲ್ಲೇ ಪಿನ್ನು ಹೊಡೆಯುವುದು.

ಮೆತ್ತೆ ಕೂರುವ ಚೌಕಟ್ಟಿಗೆ ಮಾತ್ರ ಅರ್ಧ ಕಚ್ಚು ಹಾಕಿದೆ. ಎರಡೂ ಪಟ್ಟಿಗಳ ತುದಿಯಲ್ಲಿ ಅರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸಿದರೆ ಅಂಟಿಗೆ ಅಗಲವಾದ ಜಾಗ ಸಿಗುತ್ತದೆ. ಅಳತೆಗೆ ಸ್ಕೇಲಿಗಿಂತ ಜೋಡಿಸುವ ಪಟ್ಟಿಯನ್ನೇ ಇಟ್ಟು ಗೀಟು ಹಾಕುವುದು ವಾಸಿ. ಗರಗಸ ಗೀಟಿನ ಮೇಲಲ್ಲ, ಬೀಳುವ ತುಂಡಿನ ಕಡೆಗೆ ಓಡಬೇಕು. ಉಳಿದದ್ದನ್ನು ಉಳಿಯಿಂದ ಕೆತ್ತಿದರಾಯಿತು. ಇಲ್ಲಿ ಮರದ ಪಟ್ಟಿಗಳು ಅಗಲದ ಮೈ ಮೇಲಾಗಿ ಮಲಗಿರಬೇಕು. ವೆಬ್ಬಿಂಗ್, ಅಂದರೆ ಮೆತ್ತೆಯನ್ನು ಹೊರಲು ಚೌಕಟ್ಟಿನ ಬದಿಯಿಂದ ಬದಿಗೆ ಎಳೆದು ಕಟ್ಟುವ ನೇಯ್ದ ಪಟ್ಟಿಯನ್ನು ಬಿಗಿದಾಗ ಅದು ಚೌಕಟ್ಟನ್ನು ಒಳಕ್ಕೆ ಎಳೆಯುತ್ತದೆ, ಅಗಲ ಆ ದಿಕ್ಕಿಗಿದ್ದರೆ ಮರ ಬಾಗುವುದಿಲ್ಲ. ಅಂಟು ಹಸಿಯಿರುವಾಗಲೇ ಎರಡೂ ಕರ್ಣಗಳನ್ನು ಅಳೆದು ಸಮ ಮಾಡಿಕೊಂಡೆ.

ಮಳೆಗಾಲದಲ್ಲಿ ಈ ಕೆಲಸ ಹಿಡಿಯುವವರು ಅಂಟಿನ ಡಬ್ಬದ ಮೇಲೆ ಬರೆದ ಹೊತ್ತನ್ನು ನಂಬಬೇಡಿ. ಅದು ನೀರು ಆರಿ ಗಟ್ಟಿಯಾಗುವ ಅಂಟು, ನಮ್ಮ ಆಷಾಢದ ಗಾಳಿಯಲ್ಲಿ ಆರುವುದಕ್ಕೆ ಅವಸರವೇ ಇಲ್ಲ.

ವೆಬ್ಬಿಂಗ್ ಬದಲು ಪ್ಲೈವುಡ್ ಹಾಕಿ ಫೋಮ್ ಅಂಟಿಸಿದರೆ ಇನ್ನೂ ಸುಲಭ, ನಿಜ. ಆದರೆ ತಳದಲ್ಲಿ ಗಾಳಿಯಾಡದ ಫೋಮ್ ಮಲೆನಾಡಿನಲ್ಲಿ ಬೂಸ್ಟು ಹಿಡಿಯುತ್ತದೆ. ಆಮೇಲೆ ಆ ವಾಸನೆಯ ಮೇಲೆ ಕೂರುವವರು ಯಾರು?