ಅಡ್ವೆಂಟ್ ಬತ್ತಿ ಹಚ್ಚುವ ಮುಂಚೆ ಲೈಟ್ ಆರಿಸಿ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವಾದ ಅಡ್ವೆಂಟ್‌ಗೆ ಈ ಸಲ ಮನೆಯಲ್ಲಿ ಮೇಣದಬತ್ತಿ ಇಡುವವರಿಗೆ ಒಂದು ಮಾತು. ಟ್ಯೂಬ್‌ಲೈಟ್ ಉರಿಯುತ್ತಿರುವಾಗ ಹಚ್ಚಬೇಡಿ. ಹಚ್ಚಿದ್ದೇ ಗೊತ್ತಾಗುವುದಿಲ್ಲ.

ಸಂಜೆ ಏಳಕ್ಕೆ ಲೈಟ್, ಟಿವಿ, ಮೊಬೈಲ್ ಎಲ್ಲ ಆರಿಸಿ. ಒಂದು ನಿಮಿಷ ಕತ್ತಲಲ್ಲಿ ಸುಮ್ನೆ ಕೂತುಕೊಳ್ಳಿ. ಮಕ್ಕಳು ಕಿಸಕ್ಕನೆ ನಗುತ್ತಾರೆ, ನಗಲಿ. ಆಮೇಲೆ ಒಂದೇ ಒಂದು ಬತ್ತಿ ಹಚ್ಚಿ. ನಮ್ಮ ಮನೆಯಲ್ಲಿ ಮೊದಲು ಹೊಳೆಯುವುದು ಅಜ್ಜಿಯ ಕನ್ನಡಕ, ಆಮೇಲೆ ಗೋಡೆಯ ಶಿಲುಬೆ. ಆಗ ಬೈಬಲ್ಲಿನ ಯೆಶಾಯ 9:2 ಓದಿ. ಕತ್ತಲಲ್ಲಿ ನಡೆಯುತ್ತಿದ್ದ ಜನ ದೊಡ್ಡ ಬೆಳಕು ಕಂಡ ಮಾತು ಅದು. ಮಕ್ಕಳಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ.

ನಾಲ್ಕು ಭಾನುವಾರಕ್ಕೆ ನಾಲ್ಕು ಬತ್ತಿ, ಮೊದಲ ವಾರ ಒಂದು, ಆಮೇಲೆ ವಾರಕ್ಕೊಂದು ಸೇರಿಸಿ ಹಚ್ಚುತ್ತಾ ಹೋಗಿ. ಮೂರು ನೇರಳೆ, ಮೂರನೇ ವಾರದ್ದು ಗುಲಾಬಿ. ನೇರಳೆ ಸಿಗಲಿಲ್ಲ ಅಂತ ಶಿವಾಜಿನಗರ ಪೂರ್ತಿ ಅಲೆಯಬೇಡಿ. ಬಿಳಿಯದೇ ಇಟ್ಟು, ತಟ್ಟೆಯ ಕೆಳಗೆ ನೇರಳೆ ಬಟ್ಟೆ ಹಾಸಿ. ದುಬಾರಿ ಸ್ಟ್ಯಾಂಡೂ ಬೇಡ, ಸ್ಟೀಲ್ ತಟ್ಟೆಯಲ್ಲಿ ಮರಳು ಹಾಕಿದರೆ ಸಾಕು. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ವಿಖರ್ನ್ ಎಂಬ ಪಾದ್ರಿ ಬಡ ಮಕ್ಕಳಿಗಾಗಿ ಬತ್ತಿ ಜೋಡಿಸಿದ್ದು ಹಳೇ ಗಾಡಿ ಚಕ್ರದ ಮೇಲೆ, ಅಲ್ವಾ!

ಸುತ್ತ ಸರ್ವೆ ಸೊಪ್ಪು ಮಾತ್ರ ಬೇಡ. ಹೋದ ವರ್ಷ ಎರಡನೇ ವಾರಕ್ಕೇ ಒಣಗಿ, ಒಂದು ಎಳೆ ಚಟಪಟ ಅಂತ ಹತ್ತಿಕೊಂಡಿತು. ಚೊಂಬಿನ ನೀರು ಸುರಿದೆ, ಬೈಬಲ್ಲೂ ನೆನೆಯಿತು. ಈಗ ಹಸಿ ಕ್ರೋಟನ್ ಎಲೆ ಇಟ್ಟು ವಾರಕ್ಕೊಮ್ಮೆ ಬದಲಿಸುತ್ತೇನೆ. ಫ್ಯಾನ್ ಆಫ್ ಮಾಡುವುದನ್ನು ಮರೆಯಬೇಡಿ. ಮೊದಲ ವಾರದ ಬತ್ತಿ ಎಲ್ಲಕ್ಕಿಂತ ಜಾಸ್ತಿ ಉರಿಯುತ್ತದೆ, ಅದೊಂದನ್ನು ದಪ್ಪಗಿರುವುದೇ ತನ್ನಿ.