ಆಕ್ಸಿಜನ್ 98 ಇತ್ತು, ಕಾಲು ಮಾತ್ರ ತಣ್ಣಗಿತ್ತು

2021ರ ಜೂನ್. ಎರಡನೇ ಅಲೆ ಇಳೀತಾ ಇತ್ತು, ದೊಡ್ಡವರ ವಾರ್ಡಲ್ಲಿ ಬೆಡ್ ಖಾಲಿ ಆಗ್ತಿದ್ವು, ಇನ್ನೇನು ಸ್ವಲ್ಪ ಉಸಿರು ಬಿಡಬಹುದು ಅನ್ಕೊಳ್ಳೋ ಹೊತ್ತಿಗೆ ನಮ್ಮ ಮಕ್ಕಳ ವಾರ್ಡ್ ತುಂಬೋಕೆ ಶುರುವಾಯ್ತು. ನಾನಲ್ಲಿ ಸ್ಟಾಫ್ ನರ್ಸ್. ಏಪ್ರಿಲ್, ಮೇನಲ್ಲಿ ಬಂದ ಕೋವಿಡ್ ಮಕ್ಕಳಿಗೆ ಹೆಚ್ಚಿನಂಶ ಜ್ವರದ ಸಿರಪ್ಪು, ಓಆರ್‌ಎಸ್ಸು ಇಷ್ಟೇ ಸಾಕಾಗಿತ್ತು, ಅಮ್ಮಂದಿರಿಗೆ ಧೈರ್ಯ ಹೇಳೋದೇ ದೊಡ್ಡ ಕೆಲಸ. ಜೂನಲ್ಲಿ ಬಂದವ್ರು ಹಂಗಲ್ಲ.

ಒಬ್ಬ ಹುಡುಗನ್ನ ಮರೆಯೋಕಾಗಲ್ಲ. ಏಳು ವರ್ಷ, 20 ಕೆಜಿ. ನಾಕು ದಿನದಿಂದ ಜ್ವರ, ವಾಂತಿ, ಕಣ್ಣು ಕೆಂಪು ಆದ್ರೆ ಪಿಸುರಿಲ್ಲ, ಮೈಮೇಲೆ ದದ್ದು. "ಹೊಟ್ಟಿ ಹಿಡ್ಕೊಂಡು ಅಳಾಕತ್ತಾನ್ರೀ ಸಿಸ್ಟರ್" ಅಂತ ಅವರಮ್ಮ. ಅಪೆಂಡಿಕ್ಸ್ ಇರಬಹುದು ಅಂತ ಸರ್ಜನ್‌ಗೂ ಫೋನ್ ಹೋಗಿತ್ತು. ಆರ್‌ಟಿಪಿಸಿಆರ್ ನೆಗೆಟಿವ್. ಆಕ್ಸಿಜನ್ 98.

ಆ ವರ್ಷ ನಮಗೆಲ್ಲ ಬೆರಳಿಗೆ ಹಾಕೋ ಆ ಪುಟ್ಟ ಮಷಿನ್ನೇ ದೇವರಾಗಿತ್ತು ನೋಡಿ, 98 ಕಂಡ್ರೆ ಮನಸ್ಸು ಹಗುರ. ಜೂನಿಯರ್ ಸಿಸ್ಟರ್ ಮೇಲಿನ ಬಿಪಿ 96 ಅಂತ ಬರೆದಿದ್ಲು, ಪಲ್ಸ್ 156 ಇದ್ದಿದ್ದನ್ನ ಜ್ವರಕ್ಕೆ ಅಂತ ಬಿಟ್ಟಿದ್ಲು. ನಾನು ಹೊದಿಕೆ ಸರಿ ಮಾಡೋಕೆ ಅಂತ ಕಾಲು ಮುಟ್ಟಿದ್ರೆ ಐಸು. ಮೈ ಸುಡ್ತಿದೆ, ಪಾದ ತಣ್ಣಗಿದೆ. ಹೆಬ್ಬೆರಳು ಒತ್ತಿ ಬಿಟ್ಟೆ, ಎರಡು ಸೆಕೆಂಡಲ್ಲಿ ಬರಬೇಕಾದ ಕೆಂಪು ನಾಕೈದು ಸೆಕೆಂಡ್ ಆದ್ರೂ ಬರ್ಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು, ಬಿಪಿ ನೋಡೋಕೆ ತೋಳಿಗೆ ಸುತ್ತೋ ಪಟ್ಟಿ, ಅಂದ್ರೆ ಕಫ್, ಇವನಿಗೆ ಕಟ್ಟಿದ್ದು ಕೂಸುಗಳದ್ದು! ಸರಿ ಸೈಜಿಂದು ಯಾವ ವಾರ್ಡಿಗೋ ಹೋಗಿ ವಾಪಸ್ ಬಂದಿರ್ಲಿಲ್ಲ. ಕಫ್ ಚಿಕ್ಕದಾದ್ರೆ ಬಿಪಿ ಸುಳ್ಳೇ ಜಾಸ್ತಿ ತೋರ್ಸುತ್ತೆ. ಓಡಿಹೋಗಿ ಸರಿಯಾದದ್ದು ತಂದು ನೋಡಿದ್ರೆ 76. ವಯಸ್ಸನ್ನ ಎರಡರಿಂದ ಗುಣಿಸಿ 70 ಕೂಡಿಸು ಅಂತ ನಮಗೆ ಕಲಿಸಿರ್ತಾರೆ, ಏಳು ವರ್ಷಕ್ಕೆ 84, ಅದಕ್ಕಿಂತ ಕೆಳಗೆ ಅಂದ್ರೆ ಮಗು ಶಾಕಲ್ಲಿದೆ, ಮೈಗೆಲ್ಲ ಸಾಕಾಗುವಷ್ಟು ರಕ್ತ ಹೋಗ್ತಿಲ್ಲ.

ಡಾಕ್ಟರ್ ಬಂದವ್ರೇ ಕೇಳಿದ್ದು, "ಮನೇಲಿ ಯಾರಿಗಾದ್ರೂ ಕೋವಿಡ್ ಬಂದಿತ್ತಾ?" ತಿಂಗಳ ಹಿಂದೆ ಅಪ್ಪನಿಗೆ ಬಂದಿತ್ತು, ಇವನಿಗೂ ಒಂದಿನ ಮೈ ಬಿಸಿ ಆಗಿತ್ತಂತೆ, ಅಷ್ಟೇ. ಇದಕ್ಕೆ ಎಂಐಎಸ್-ಸಿ ಅಂತಾರೆ, ಸೋಂಕು ಹೋಗಿ ಎರಡರಿಂದ ಆರು ವಾರಕ್ಕೆ ಮೈಯ ರೋಗನಿರೋಧಕ ಶಕ್ತಿಯೇ ತಿರುಗಿ ಬಿದ್ದು ಹೃದಯ, ಹೊಟ್ಟೆ, ರಕ್ತನಾಳ ಎಲ್ಲದಕ್ಕೂ ಉರಿ ಹಚ್ಚೋದು. ಕೋವಿಡ್ ಬಂದುಹೋಗಿದ್ದನ್ನ ಹೇಳೋ ಆಂಟಿಬಾಡಿ ಪಾಸಿಟಿವ್ ಬಂತು, ಮೈಯೊಳಗಿನ ಉರಿಯೂತ ತೋರ್ಸೋ ಸಿಆರ್‌ಪಿ ವಿಪರೀತ, ಹೃದಯದ ಸ್ಕ್ಯಾನ್ ಎಕೋದಲ್ಲಿ ಪಂಪಿಂಗ್ ಕಮ್ಮಿ.

ಗ್ಲೂಕೋಸ್ ಬಾಟ್ಲಿ ಏರಿಸಿದ್ರೆ ಸರಿಹೋಗುತ್ತೆ ಅನ್ನೋ ಕಾಯಿಲೆ ಅಲ್ಲ ಇದು. ಸುಸ್ತಾದ ಹೃದಯಕ್ಕೆ ನೀರು ಸುರಿದ್ರೆ ಶ್ವಾಸಕೋಶ ತುಂಬ್ಕೊಳ್ಳುತ್ತೆ. ಸಲೈನ್ 200 ಎಂಎಲ್ ಕೊಟ್ಟು ನಿಲ್ಸಿ ನೀರು ಜಾಸ್ತಿಯಾಗಿ ಲಿವರ್ ದೊಡ್ಡದಾಯ್ತಾ ಅಂತ ಹೊಟ್ಟೆ ಮುಟ್ಟಿ ನೋಡಿ ಆಮೇಲೆ ಹೃದಯಕ್ಕೆ ಬಲ ಕೊಟ್ಟು ಬಿಪಿ ಏರಿಸೋ ಅಡ್ರಿನಲಿನ್ ಡ್ರಿಪ್ ಶುರು ಮಾಡಿದ್ರು. ಜೊತೆಗೆ ತಿರುಗಿ ಬಿದ್ದ ರೋಗನಿರೋಧಕ ಶಕ್ತಿನ ತಣ್ಣಗೆ ಮಾಡೋಕೆ ಸ್ಟಿರಾಯ್ಡು, ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ, ರಕ್ತನಾಳಕ್ಕೆ ಕೊಡೋದು). ಐವಿಐಜಿ ಕೆಜಿಗೆ 2 ಗ್ರಾಂ, ಅಂದ್ರೆ 40 ಗ್ರಾಂ, 5 ಗ್ರಾಮಿನ ಎಂಟು ಬಾಟ್ಲಿ. ಒಂದೊಂದೂ 100 ಎಂಎಲ್, ಒಟ್ಟು 800, ಅದೂ ನೀರೇ ತಾನೆ! ಅದಕ್ಕೇ ಪಂಪಿಗೆ ಹಾಕಿ ನಿಧಾನಕ್ಕೆ ಬಿಟ್ವಿ, ಮುಗಿಯೋಕೆ ಮಾರನೇ ದಿನ ಆಯ್ತು. ರೇಟ್ ಏರಿಸೋ ಪ್ರತಿ ಸಲ ಬಿಪಿ, ಪಲ್ಸ್, ಚಳಿ ನಡುಕ ಇದ್ಯಾ ನೋಡೋದು. ಪಿಪಿಇ ಒಳಗೆ ಬೆವರು ಇಳೀತಿತ್ತು, ಎರಡು ಗ್ಲೌಸಲ್ಲಿ ಕಾಲು ಬೆಚ್ಚಗಾಯ್ತಾ ಇಲ್ವಾ ಸರಿಯಾಗಿ ಗೊತ್ತಾಗಲ್ಲ, ನಾನು ಅವರಮ್ಮನ್ನೇ ಕೇಳ್ತಿದ್ದೆ. ಮಧ್ಯರಾತ್ರಿ ಅವರೇ ಹೇಳಿದ್ರು, "ಕಾಲು ಬೆಚ್ಚಗಾದ್ವು ನೋಡ್ರೀ." ಮಾನಿಟರ್‌ನಲ್ಲಿ ಆಗ ಬಿಪಿ 92, ಈ ಸಲ ಸರಿಯಾದ ಕಫ್‌ನಲ್ಲಿ.

ಒಂಬತ್ತನೇ ದಿನ ಮನೆಗೆ ಹೋದ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಆಸ್ಪಿರಿನ್ ಮಾತ್ರ ನಿಲ್ಲಿಸಬಾರದು ಅಂತ ಹೇಳಿ ಕಳಿಸಿದ್ವಿ, ಆರು ವಾರಕ್ಕೆ ಎಕೋ ನಾರ್ಮಲ್ ಬಂದ್ಮೇಲೆ ಅದನ್ನೂ ನಿಲ್ಸಿದ್ರು. ಮೂರು ಸೈಜಿನ ಕಫ್ ಈಗ ಮಾನಿಟರ್‌ಗೇ ದಾರ ಹಾಕಿ ಕಟ್ಟಿದೀನಿ, ಕೇಳದೆ ಬಿಚ್ಕೊಂಡು ಹೋದವ್ರಿಗೆ ನನ್ನ ಬಾಯಿ ಗ್ಯಾರಂಟಿ.